ಹೊಳೆ ಕೆಟ್ಟಿದ್ದು ಇಲ್ಲಿ, ದಾವೆ ಅಲ್ಲಿ

ಪಪುವಾ ನ್ಯೂಗಿನಿಯ ಪಶ್ಚಿಮ ಮೂಲೆಯಲ್ಲಿ, ಸ್ಟಾರ್ ಪರ್ವತಗಳಿಂದ ಇಳಿದು ಬರುವ ಓಕ್ ಟೆಡಿ ಹೊಳೆಯ ದಂಡೆಯ ಜನ 1994ರಲ್ಲಿ ದಾವೆ ಹೂಡಲು ಹೋದದ್ದು ತಮ್ಮ ರಾಜಧಾನಿ ಪೋರ್ಟ್ ಮೋರ್ಸ್‌ಬಿಗಲ್ಲ, ಸಮುದ್ರದಾಚೆಯ ಮೆಲ್ಬರ್ನ್‌ಗೆ. ಹೊಳೆಗೆ ಗಣಿಯ ಕೆಸರು ಬಿಡುತ್ತಿದ್ದ ಬಿಎಚ್‌ಪಿ ಕಂಪನಿಯ ಯಜಮಾನಿಕೆ ಇದ್ದದ್ದು ಅಲ್ಲಿ. ತಮ್ಮದೇ ಸರ್ಕಾರವೋ, ಆ ಗಣಿಯಲ್ಲಿ ಪಾಲುದಾರ. ದೂರು ಕೇಳಬೇಕಾದವರೇ ಲಾಭ ಹಂಚಿಕೊಳ್ಳುತ್ತಿರುವಾಗ ಮನೆಯಲ್ಲಿ ನ್ಯಾಯ ಕೇಳುವುದು ಹೇಗೆ?

ಅಲ್ಲಿಂದ ಈಚೆಗೆ ಮೂವತ್ತು ವರ್ಷಗಳಲ್ಲಿ ಗ್ವಾಟೆಮಾಲಾದ ಮಾಯಾ ಜನ ಟೊರಾಂಟೊಗೆ, ಇಂಡೊನೇಷ್ಯಾದ ಅಮುಂಗ್ಮೆ ಜನ ಅಮೆರಿಕದ ಲೂಸಿಯಾನಾಗೆ, ಬ್ರೆಜಿಲ್‌ನ ಕ್ರೆನಾಕ್ ಜನ ಲಂಡನ್‌ಗೆ ಹೀಗೆಯೇ ಹೋಗಿದ್ದಾರೆ. ಈ ಮೊಕದ್ದಮೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಹೊಳೆ ಹಾಳಾಯಿತೇ, ಯಾರಿಂದ ಹಾಳಾಯಿತು ಎಂಬ ವಾದಕ್ಕೆ ನ್ಯಾಯಾಲಯಗಳು ಬರುವುದೇ ಅಪರೂಪ. ಈ ದಾವೆಯನ್ನು ಇಲ್ಲಿ ಕೇಳಬಹುದೇ ಎಂಬ ಪ್ರಶ್ನೆಯಲ್ಲೇ ಹತ್ತು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ದಾವೆ ಹೂಡಿದವರಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಕಂಪನಿ ಗಣಿಯನ್ನು ಮಾರಿರುತ್ತದೆ.

ಓಕ್ ಟೆಡಿಯಲ್ಲಿ ಚಿನ್ನ ತೆಗೆಯಲು ಶುರುವಾದದ್ದು 1984ರಲ್ಲಿ, ಆಮೇಲೆ ತಾಮ್ರ. ತಾಮ್ರದ ಗಣಿಗಾರಿಕೆಯ ಲೆಕ್ಕ ವಿಚಿತ್ರ. ನೂರು ಟನ್ ಅದಿರಿನಲ್ಲಿ ಒಂದು ಟನ್ ಲೋಹ ಸಿಕ್ಕರೂ ಲಾಭವೇ. ಉಳಿದ ತೊಂಬತ್ತೊಂಬತ್ತು ಟನ್ ಅರೆದ ಕಲ್ಲಿನ ನುಣ್ಣನೆಯ ಕೆಸರನ್ನು ಎಲ್ಲಾದರೂ ಇಡಬೇಕು. ನಮ್ಮವರಿಗೆ ಇದು ಹೊಸದಲ್ಲ. ಜಾನ್ ಟೇಲರ್ ಆ್ಯಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ 1880ರಿಂದ ನಡೆಸಿ, 1956ರಲ್ಲಿ ಮೈಸೂರು ಸರ್ಕಾರಕ್ಕೆ ಬಂದು, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಇಂದಿಗೂ ಕೆಜಿಎಫ್‌ನ ಮನೆಗಳ ಹಿಂದೆ ನಿಂತಿವೆ. ಕುದುರೆಮುಖದ ಲಕ್ಯಾ ಹೊಳೆಗೆ ಅಡ್ಡ ಕಟ್ಟಿದ ದೊಡ್ಡ ಕಟ್ಟೆ ಗದ್ದೆಗೆ ನೀರು ಬಿಡಲು ಕಟ್ಟಿದ್ದಲ್ಲ, ಇಂಥ ಕೆಸರನ್ನು ತಡೆದಿಡಲು. ಓಕ್ ಟೆಡಿಯಲ್ಲೂ ಹೀಗೊಂದು ಕಟ್ಟೆ ಆಗಬೇಕಿತ್ತು. ಕಟ್ಟುತ್ತಿರುವಾಗಲೇ, 1984ರ ಆರಂಭದಲ್ಲಿ, ಗುಡ್ಡ ಕುಸಿದು ಅದರ ತಳಪಾಯ ಹೋಯಿತು. ಮತ್ತೆ ಕಟ್ಟುವ ಬದಲು ಕೆಸರನ್ನು ಸದ್ಯಕ್ಕೆ ಹೊಳೆಗೇ ಬಿಡಲು ಸರ್ಕಾರ ಅನುಮತಿ ಕೊಟ್ಟಿತು. ಆ ‘ಸದ್ಯಕ್ಕೆ’ ಎಂಬುದು ಮುಗಿಯಲೇ ಇಲ್ಲ. ದಿನಕ್ಕೆ ಸುಮಾರು 80,000 ಟನ್ ಕೆಸರು ಹೊಳೆ ಸೇರಿ, ಅಲ್ಲಿಂದ ಫ್ಲೈ ನದಿ ಸೇರಿ, ಪಾತಳಿ ಮೇಲೆದ್ದು, ನೆರೆ ಬಂದಾಗಲೆಲ್ಲ ತೋಟಗಳ ಮೇಲೆ ಹರಡಿತು. ಸಾಗೋ ಮರಗಳು ಒಣಗಿದವು. ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಕಾಡು ನಿಂತಲ್ಲೇ ಸತ್ತಿತು.

ಮೆಲ್ಬರ್ನ್‌ನಲ್ಲಿ ರೆಕ್ಸ್ ಡಾಗಿ, ಅಲೆಕ್ಸ್ ಮೌನ್ ಎಂಬ, ಆ ಹೊಳೆ ದಂಡೆಯ ಯೊಂಗೊಮ್ ಜನರ ಮುಖಂಡರು ಮುಂದೆ ನಿಂತು ಹೂಡಿದ ದಾವೆಗೆ ಎದುರಾದದ್ದು 1893ರಲ್ಲಿ ಲಂಡನ್ನಿನ ಪ್ರಭುಗಳ ಸಭೆ ಕೊಟ್ಟಿದ್ದ ಒಂದು ತೀರ್ಪು. ಆಫ್ರಿಕಾದ ನೆಲಕ್ಕಾಗಿ ಎರಡು ಯುರೋಪಿಯನ್ ಕಂಪನಿಗಳು ಜಗಳವಾಡಿದಾಗ ಹುಟ್ಟಿದ ನಿಯಮ ಅದು: ಪರದೇಶದ ಭೂಮಿಗಾದ ಹಾನಿಯನ್ನು ಇಲ್ಲಿಯ ನ್ಯಾಯಾಲಯ ವಿಚಾರಿಸಲಾಗದು. ನೂರು ವರ್ಷದ ಮೇಲೆ ಅದು ಯೊಂಗೊಮ್ ಜನರ ದಾರಿಗೆ ಅಡ್ಡ ಬಿತ್ತು. ವಕೀಲರು ದಾವೆಯ ರೂಪವನ್ನೇ ತಿರುಗಿಸಿದರು. ನೆಲಕ್ಕಾದ ಹಾನಿ ಪಕ್ಕಕ್ಕಿರಲಿ, ಮೀನು ಹಿಡಿಯುವುದು, ತೋಟ ಮಾಡುವುದು, ನೀರು ಕುಡಿಯುವುದು ತಪ್ಪಿಹೋಯಿತಲ್ಲ, ಅದಕ್ಕೆ ಕಂಪನಿಯ ನಿರ್ಲಕ್ಷ್ಯ ಕಾರಣ ಎಂದರು. ಕಂಪನಿಯ ಉತ್ತರ ಕೇಳುವಂತಿತ್ತು: ಆರ್ಥಿಕ ನಷ್ಟವಾದರೆ ಪರಿಹಾರ ಸರಿ, ಆದರೆ ಈ ಜನರ ಬದುಕಿನಲ್ಲಿ ದುಡ್ಡಿನ ವ್ಯವಹಾರವೇ ಇಲ್ಲ, ನಷ್ಟ ಎಲ್ಲಿಂದ ಬಂತು? ನ್ಯಾಯಮೂರ್ತಿ ಬೈರ್ನ್ ಇದನ್ನು ಒಪ್ಪಲಿಲ್ಲ. ಹಣ ಬಳಸದೆ ಬದುಕುವವರಿಗೆ ಕಾನೂನಿನ ರಕ್ಷಣೆಯೇ ಇಲ್ಲವೆಂದರೆ ಹೇಗೆ ಎಂಬುದು ಅವರ ನಿಲುವು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ತಿರುವು ಇದೇ. ಪೇಟೆಯ ದರ ಇಲ್ಲದ ಬದುಕಿಗೂ ಬೆಲೆ ಇದೆಯೆಂದು ಒಂದು ವಾಣಿಜ್ಯ ನಗರದ ನ್ಯಾಯಾಲಯ ಒಪ್ಪಿಕೊಂಡ ಗಳಿಗೆ ಅದು.

ಅತ್ತ ಇನ್ನೊಂದು ಆಟ ನಡೆದಿತ್ತು. ವಿದೇಶದಲ್ಲಿ ಪರಿಹಾರ ಕೇಳುವುದೇ ಅಪರಾಧ ಎನ್ನುವ ಮಸೂದೆಯೊಂದನ್ನು ಪಪುವಾ ನ್ಯೂಗಿನಿ ಸರ್ಕಾರ ತಂದಿತು. ಅದರ ಕರಡು ಬರೆಯಲು ಕಂಪನಿಯ ವಕೀಲರೇ ಕೈಜೋಡಿಸಿದ್ದರು. 1995ರಲ್ಲಿ ನ್ಯಾಯಮೂರ್ತಿ ಕಮಿನ್ಸ್ ಇದು ನ್ಯಾಯಾಂಗ ನಿಂದನೆ ಎಂದರು. ಮೇಲ್ಮನವಿಯಲ್ಲಿ ಆ ತೀರ್ಪು ತಾಂತ್ರಿಕ ಕಾರಣಕ್ಕೆ ಬಿದ್ದುಹೋಯಿತು, ಆದರೆ ಕಂಪನಿಯ ಮಾನ ಆಗಲೇ ಪತ್ರಿಕೆಗಳ ಮುಖಪುಟದಲ್ಲಿ ಹರಾಜಾಗಿತ್ತು. 1996ರ ಜೂನ್‌ನಲ್ಲಿ ರಾಜಿಯಾಯಿತು. ಹೊಳೆಯ ಕೆಳಭಾಗದ ಜನರಿಗೆಲ್ಲ ಪರಿಹಾರ, ತೀರ ಹೆಚ್ಚು ಪೆಟ್ಟು ತಿಂದ ಹಳ್ಳಿಗಳಿಗೆ ಪ್ರತ್ಯೇಕವಾಗಿ ಇನ್ನಷ್ಟು ಹಣ, ಜೊತೆಗೆ ಕೆಸರನ್ನು ತಡೆದಿಡುವ ವ್ಯವಸ್ಥೆ ಮಾಡುವ ಮಾತು. ಜನ ಗೆದ್ದೆವೆಂದುಕೊಂಡರು.

ಹಣ ಬಂತು. ಕೆಸರು ನಿಲ್ಲಲಿಲ್ಲ. ಮಾತು ಮುರಿದಿರಿ ಎಂದು 2000ದಲ್ಲಿ ಮತ್ತೆ ಮೆಲ್ಬರ್ನ್‌ಗೆ ಹೋದರು. ಅಷ್ಟರಲ್ಲಿ, 1999ರಲ್ಲಿ, ಈ ಗಣಿ ತನ್ನ ಪರಿಸರ ಮೌಲ್ಯಗಳಿಗೆ ಹೊಂದುವುದಿಲ್ಲವೆಂದು ಬಿಎಚ್‌ಪಿಯೇ ಹೇಳಿಕೊಂಡಿತ್ತು. ಮೌಲ್ಯಕ್ಕೆ ಹೊಂದದಿದ್ದರೆ ಗಣಿ ಮುಚ್ಚಬೇಕು, ಹೊಳೆ ಸರಿಪಡಿಸಬೇಕು ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಕಂಪನಿ 2002ರಲ್ಲಿ ತನ್ನ ಶೇಕಡಾ 52 ಪಾಲನ್ನು ಸಿಂಗಪುರದಲ್ಲಿ ನೋಂದಾಯಿಸಿದ ಒಂದು ಅಭಿವೃದ್ಧಿ ಸಂಸ್ಥೆಗೆ ವಹಿಸಿ, ಮುಂದಿನ ಹೊಣೆಯಿಂದ ಕಾನೂನಿನ ರಕ್ಷೆ ಪಡೆದು ಹೊರನಡೆಯಿತು. ಗಣಿ ನಡೆಯುತ್ತಲೇ ಇತ್ತು. 2013ರಲ್ಲಿ ಸರ್ಕಾರ ಅದನ್ನು ಪೂರ್ತಿ ತನ್ನದಾಗಿಸಿಕೊಂಡಿತು. ಈ ಜನರ ಜೊತೆ ದಶಕಗಳ ಒಡನಾಟವಿರುವ ಮಾನವಶಾಸ್ತ್ರಜ್ಞ ಸ್ಟುವರ್ಟ್ ಕಿರ್ಷ್ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ. ಓದಿದರೆ ಕಂಪನಿಗಳು ತಮ್ಮ ವಿಮರ್ಶಕರ ಮಾತನ್ನೇ ಕಲಿತು ತಿರುಗಿ ಆಡುವ ಜಾಣತನದ ಬಗ್ಗೆ ಸಿಟ್ಟಿನ ಜೊತೆ ಒಂದು ಬಗೆಯ ಬೆರಗೂ ಹುಟ್ಟುತ್ತದೆ.

ಅಮೆರಿಕದ ಬಾಗಿಲು ಬೇರೆ ಥರದ್ದು. 1789ರಲ್ಲಿ, ಕಡಲ್ಗಳ್ಳರ ಕಾಲದಲ್ಲಿ ಮಾಡಿದ ಒಂದು ಕಾನೂನು, ಅಂತರರಾಷ್ಟ್ರೀಯ ನಿಯಮ ಮುರಿದವರ ಮೇಲೆ ಪರದೇಶಿಗಳೂ ಅಮೆರಿಕದಲ್ಲಿ ದಾವೆ ಹೂಡಬಹುದು ಎನ್ನುತ್ತದೆ. ಇದನ್ನೇ ಹಿಡಿದು 1996ರಲ್ಲಿ ಅಮುಂಗ್ಮೆ ಮುಖಂಡ ಟಾಮ್ ಬೆಯಾನಲ್, ಗ್ರಾಸ್‌ಬರ್ಗ್ ಗಣಿಯ ಒಡೆಯ ಫ್ರೀಪೋರ್ಟ್ ಮೇಲೆ ದಾವೆ ಹಾಕಿದರು. 1999ರಲ್ಲಿ ಅದು ವಜಾ ಆಯಿತು. ಪರಿಸರ ಹಾಳುಮಾಡುವುದು ಅಂತರರಾಷ್ಟ್ರೀಯ ನಿಯಮದ ಉಲ್ಲಂಘನೆ ಎನ್ನಲು ಆಧಾರವಿಲ್ಲ ಎಂದಿತು ನ್ಯಾಯಾಲಯ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೈಜೀರಿಯಾದ ತೈಲ ಪ್ರಕರಣವೊಂದರಲ್ಲಿ, ಈ ಕಾನೂನು ಪರದೇಶದ ನೆಲದಲ್ಲಿ ನಡೆದದ್ದಕ್ಕೆ ಸಾಮಾನ್ಯವಾಗಿ ಅನ್ವಯಿಸದು ಎಂದಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು.

ಜಗತ್ತಿನ ಗಣಿ ಕಂಪನಿಗಳಲ್ಲಿ ಎಷ್ಟೋ ನೋಂದಾಯಿಸಿಕೊಳ್ಳುವ ಕೆನಡಾದಲ್ಲಿ ಬಾಗಿಲು ತೆರೆದದ್ದು ತಡವಾಗಿ. ಗಯಾನಾದ ಓಮೈ ಚಿನ್ನದ ಗಣಿಯ ಕಟ್ಟೆ 1995ರ ಆಗಸ್ಟ್‌ನಲ್ಲಿ ಒಡೆದು ಸೈನೈಡ್ ಬೆರೆತ ನೀರು ಎಸ್ಸೆಕ್ವಿಬೊ ನದಿಗೆ ನುಗ್ಗಿದಾಗ ಜನ ಕ್ವಿಬೆಕ್‌ಗೆ ಬಂದಿದ್ದರು. ಇದಕ್ಕೆ ಗಯಾನಾವೇ ತಕ್ಕ ಜಾಗ ಎಂದು 1998ರಲ್ಲಿ ಅವರನ್ನು ಹಿಂದಕ್ಕೆ ಕಳಿಸಲಾಯಿತು. ಗ್ವಾಟೆಮಾಲಾದ ಎಲ್ ಎಸ್ಟೋರ್‌ನ ನಿಕಲ್ ಗಣಿಯ ವಿಷಯದಲ್ಲಿ ಚಿತ್ರ ಬದಲಾಯಿತು. ಅಲ್ಲಿಯ ನೆಲ 1960ರ ದಶಕದಲ್ಲಿ, ಸೈನ್ಯದ ಆಳ್ವಿಕೆಯಲ್ಲಿ, ಕೆನಡಾದ ಇಂಕೊ ಕಂಪನಿಯ ಕೈಸೇರಿತ್ತು. ನೆಲ ತಮ್ಮದೆನ್ನುವ ಕೆಕ್ಚಿ ಮಾಯಾ ಜನರನ್ನು 2007ರ ಜನವರಿಯಲ್ಲಿ ಲೋಟೆ ಓಚೊ ಎಂಬ ಹಳ್ಳಿಯಿಂದ ಎಬ್ಬಿಸುವಾಗ ಪೊಲೀಸರು, ಸೈನಿಕರು, ಗಣಿಯ ಕಾವಲುಗಾರರು ಸೇರಿ ತಮ್ಮ ಮೇಲೆ ಅತ್ಯಾಚಾರ ಮಾಡಿದರೆಂದು ಹನ್ನೊಂದು ಮಹಿಳೆಯರು ದೂರಿದರು. 2009ರ ಸೆಪ್ಟೆಂಬರ್‌ನಲ್ಲಿ ಅಡಾಲ್ಫೊ ಇಚ್ ಎಂಬ ಶಾಲಾ ಶಿಕ್ಷಕ, ಸಮುದಾಯದ ಮುಖಂಡ, ಕೊಲೆಯಾದರು. ಅವರ ಪತ್ನಿ ಆಂಜೆಲಿಕಾ ಚೋಕ್ ಮತ್ತು ಉಳಿದವರು ಗಣಿಯ ಅಂದಿನ ಒಡೆಯ ಹಡ್‌ಬೇ ಮಿನರಲ್ಸ್ ಮೇಲೆ ಒಂಟಾರಿಯೊದಲ್ಲಿ ದಾವೆ ಹೂಡಿದರು.

ಇಲ್ಲಿಯ ಗೋಡೆ ಬೇರೆ: ಮಾತೃ ಕಂಪನಿ ಒಂದು, ಅಂಗಸಂಸ್ಥೆ ಇನ್ನೊಂದು, ಕಾನೂನಿನ ಕಣ್ಣಿಗೆ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಮಗ ಮಾಡಿದ ಸಾಲಕ್ಕೆ ಅಪ್ಪ ಹೊಣೆಯಲ್ಲ ಎನ್ನುವ ಹಾಗೆ. ಆದರೆ ಮಗನ ಗಳಿಕೆ ಮಾತ್ರ ಅಪ್ಪನ ಪೆಟ್ಟಿಗೆಗೆ. ಟೊರಾಂಟೊದ ನ್ಯಾಯಮೂರ್ತಿ ಕ್ಯಾರೊಲ್ ಬ್ರೌನ್ 2013ರ ಜುಲೈನಲ್ಲಿ, ಕಾವಲಿನ ವಿಷಯದಲ್ಲಿ ಮಾತೃ ಕಂಪನಿಯದೇ ನಿರ್ಲಕ್ಷ್ಯವಿತ್ತೇ ಎಂಬುದನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದರು. ಕೆನಡಾದಲ್ಲಿ ಇಂಥ ದಾವೆ ಈ ಹಂತ ದಾಟಿದ್ದು ಅದೇ ಮೊದಲು. ಗಣಿಯ ಭದ್ರತಾ ಮುಖ್ಯಸ್ಥನಾಗಿದ್ದವನು 2021ರಲ್ಲಿ ಗ್ವಾಟೆಮಾಲಾದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಟೊರಾಂಟೊದಲ್ಲಿ ಮಾತ್ರ ಪೂರ್ಣ ವಿಚಾರಣೆ ನಡೆಯಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ರಾಜಿಯಾಯಿತು. ಹಡ್‌ಬೇ ಆ ಗಣಿಯನ್ನು 2011ರಲ್ಲೇ ಮಾರಿಬಿಟ್ಟಿತ್ತು. ಆ ಹೆಂಗಸರು ಹದಿಮೂರು ವರ್ಷ ವಕೀಲರ ಪ್ರಶ್ನೆಗಳಿಗೆ ಉತ್ತರಿಸುತ್ತ ಕೂತದ್ದನ್ನು ನೆನೆದರೆ, ರಾಜಿಗೆ ಒಪ್ಪಿದ್ದೇಕೆ ಎಂದು ದೂರದಿಂದ ಕೇಳುವ ಅಧಿಕಾರ ಯಾರಿಗೂ ಇಲ್ಲ. ಆ ಗಣಿಯ ನೆರೆಯಲ್ಲೇ ಇರುವ ಆಗ್ವಾ ಕಾಲಿಯೆಂಟೆ ಸಮುದಾಯಕ್ಕೆ ನೆಲದ ಹಕ್ಕುಪತ್ರ ಕೊಡಬೇಕೆಂದು 2023ರ ಡಿಸೆಂಬರ್‌ನಲ್ಲಿ ಅಂತರ-ಅಮೆರಿಕ ಮಾನವ ಹಕ್ಕು ನ್ಯಾಯಾಲಯ ಗ್ವಾಟೆಮಾಲಾಕ್ಕೆ ಆದೇಶಿಸಿತು. ಮೂಲದಲ್ಲಿ ಜಗಳ ಇದ್ದದ್ದು ಅದೇ ನೆಲದ ಮೇಲೆ.

ಮಾತೃ ಕಂಪನಿಯ ಗೋಡೆಗೆ ದೊಡ್ಡ ಬಿರುಕು ಬಿದ್ದದ್ದು ಲಂಡನ್‌ನಲ್ಲಿ, ಅದೂ ನಮಗೆ ಪರಿಚಿತವಾದ ಹೆಸರಿನ ಕಂಪನಿಯಿಂದ. ಜಾಂಬಿಯಾದ ಚಿಂಗೋಲಾ ಬಳಿಯ 1,826 ಹಳ್ಳಿಗರು, ಅಲ್ಲಿಯ ತಾಮ್ರದ ಗಣಿಯಿಂದ ತಮ್ಮ ನೀರು ಕೆಟ್ಟಿತೆಂದು ವೇದಾಂತದ ಮೇಲೆ ಹೂಡಿದ ದಾವೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ಅಂಗಸಂಸ್ಥೆಯ ಕೆಲಸಕ್ಕೆ ಮಾತೃ ಕಂಪನಿ ಹೇಗೆ ಹೊಣೆ ಎಂಬುದಕ್ಕೆ ಆಧಾರವಾಗಿ ಸಿಕ್ಕಿದ್ದರಲ್ಲಿ ಕಂಪನಿಯೇ ಅಚ್ಚುಹಾಕಿಸಿದ ಬರಹಗಳೂ ಇದ್ದವು. ನಮ್ಮ ಎಲ್ಲ ಗಣಿಗಳ ಪರಿಸರದ ಹೊಣೆ ನಾವೇ ಹೊತ್ತಿದ್ದೇವೆ, ಮೇಲ್ವಿಚಾರಣೆ ನಮ್ಮದೇ ಎಂದು ಷೇರುದಾರರನ್ನು ಮೆಚ್ಚಿಸಲು ಬರೆದ ಸಾಲುಗಳು. ಹೊತ್ತಿದ್ದೇವೆ ಎಂದಿರಲ್ಲ, ಹಾಗಾದರೆ ಉತ್ತರಿಸಿ ಎಂದಿತು ನ್ಯಾಯಾಲಯ. ಜಾಂಬಿಯಾದ ಬಡ ಹಳ್ಳಿಗರಿಗೆ ಇಷ್ಟು ದೊಡ್ಡ ದಾವೆ ನಡೆಸುವ ವಕೀಲರೂ ಹಣವೂ ಅಲ್ಲಿ ಸಿಗದು, ಆದ್ದರಿಂದ ಇಲ್ಲೇ ನಡೆಯಲಿ ಎಂದೂ ಹೇಳಿತು. ಇಲ್ಲೂ ಕೊನೆ ಎಂದಿನಂತೆಯೇ: 2021ರ ಜನವರಿಯಲ್ಲಿ, ತಪ್ಪು ಒಪ್ಪಿಕೊಳ್ಳದೆ, ರಾಜಿ.

ರಾಜಿಯಾಗದೆ ತೀರ್ಪಿನವರೆಗೆ ಹೋದ ದೊಡ್ಡ ಪ್ರಕರಣ ಬ್ರೆಜಿಲ್‌ನ ಮರಿಯಾನಾದ್ದು. 2015ರ ನವೆಂಬರ್ 5ರಂದು ಫುಂಡಾವೊ ಎಂಬ ಕಬ್ಬಿಣದ ಗಣಿಯ ಕೆಸರುಕಟ್ಟೆ ಒಡೆದು 19 ಜನ ಸತ್ತರು. ಕೆಸರು ಡೋಸೆ ನದಿಯ ಉದ್ದಕ್ಕೂ 600 ಕಿಲೋಮೀಟರಿಗೂ ಹೆಚ್ಚು ಹರಿದು ಅಟ್ಲಾಂಟಿಕ್ ಸೇರಿತು. ಗಣಿಯ ಒಡೆಯರಾದ ಸಮಾರ್ಕೊ ಕಂಪನಿಯಲ್ಲಿ ಬ್ರೆಜಿಲ್‌ನ ವಾಲೆಗೆ ಅರ್ಧ, ಬಿಎಚ್‌ಪಿಗೆ ಅರ್ಧ ಪಾಲು. ನದಿ ದಂಡೆಯ ಕ್ರೆನಾಕ್ ಜನ ಆ ನದಿಯನ್ನು ‘ವಾಟು’ ಎಂದು ಕರೆದು ಅಜ್ಜನೆಂದು ಭಾವಿಸುತ್ತಾರೆ. ಅವರಲ್ಲೊಬ್ಬರಾದ ಚಿಂತಕ ಐಲ್ಟನ್ ಕ್ರೆನಾಕ್ 2023ರಲ್ಲಿ ಬ್ರೆಜಿಲ್‌ನ ಸಾಹಿತ್ಯ ಅಕಾಡೆಮಿಗೆ ಆಯ್ಕೆಯಾದ ಮೊದಲ ಮೂಲನಿವಾಸಿ. ಲಂಡನ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ಈ ದಾವೆಯನ್ನು 2020ರಲ್ಲಿ ಒಬ್ಬ ನ್ಯಾಯಮೂರ್ತಿ ತಳ್ಳಿಹಾಕಿದರು, 2022ರಲ್ಲಿ ಮೇಲ್ಮನವಿ ಪೀಠ ಮತ್ತೆ ಎತ್ತಿಕೊಂಡಿತು, 2025ರ ನವೆಂಬರ್‌ನಲ್ಲಿ ಬಿಎಚ್‌ಪಿ ಹೊಣೆಯೆಂದು ತೀರ್ಪಾಯಿತು. ಹತ್ತು ವರ್ಷಗಳ ಮೇಲೆ ಬಂದ ಈ ಮಾತು ಹೊಣೆಯ ಬಗ್ಗೆ ಮಾತ್ರ, ಪರಿಹಾರ ಎಷ್ಟು ಎಂಬುದು ಬೇರೆಯದೇ ಹಂತ. ಇಂಥ ದಾವೆಗಳು ನಡೆಯುವುದು ಗೆದ್ದರೆ ಪಾಲು ಎಂಬ ಲೆಕ್ಕದಲ್ಲಿ ಹಣ ಹೂಡುವ ನಿಧಿಗಳ ಬಲದಿಂದ. ಅಜ್ಜನ ಸಾವಿಗೆ ನ್ಯಾಯ ಕೇಳುವುದೂ ಒಂದು ಹೂಡಿಕೆ ಆಗುವ ಕಾಲ ಇದು. ಆ ಹಣವಿಲ್ಲದೆ ಕ್ರೆನಾಕ್ ಜನ ಲಂಡನ್‌ವರೆಗೆ ಬರುತ್ತಿರಲಿಲ್ಲ ಎಂಬುದೂ ನಿಜ.

ಕಂಪನಿಗಳಿಗೆ ಇಂಥ ಅಲೆದಾಟವಿಲ್ಲ. ದೇಶಗಳ ನಡುವಿನ ಹೂಡಿಕೆ ಒಪ್ಪಂದಗಳು ಅವರಿಗೆಂದೇ ಒಂದು ಮಧ್ಯಸ್ಥಿಕೆ ವ್ಯವಸ್ಥೆಯನ್ನು ಕಟ್ಟಿಕೊಟ್ಟಿವೆ. ಪೆರುವಿನ ಪುನೊ ಪ್ರಾಂತ್ಯದಲ್ಲಿ ಸಾಂತಾ ಆನಾ ಎಂಬ ಬೆಳ್ಳಿ ಗಣಿಯನ್ನು ಐಮಾರಾ ಜನ 2011ರಲ್ಲಿ ವಿರೋಧಿಸಿ ಬೀದಿಗಿಳಿದರು. ಸರ್ಕಾರ ಅನುಮತಿ ಹಿಂದಕ್ಕೆ ಪಡೆಯಿತು. ಕೆನಡಾದ ಬೇರ್ ಕ್ರೀಕ್ ಕಂಪನಿ ನೇರ ಮಧ್ಯಸ್ಥಿಕೆಗೆ ಹೋಯಿತು. 2017ರಲ್ಲಿ ಸುಮಾರು 1.8 ಕೋಟಿ ಡಾಲರ್ ಕೊಡಬೇಕೆಂದು ಪೆರುವಿಗೆ ಆದೇಶವಾಯಿತು. ಮೂವರು ಮಧ್ಯಸ್ಥರಲ್ಲಿ ಒಬ್ಬರಾದ ಫಿಲಿಪ್ ಸ್ಯಾಂಡ್ಸ್ ಮಾತ್ರ, ಸ್ಥಳೀಯರ ವಿಶ್ವಾಸ ಗಳಿಸದೆ ಹೋದದ್ದು ಕಂಪನಿಯದೇ ತಪ್ಪು, ಮೊತ್ತ ಅರ್ಧವಾಗಬೇಕು ಎಂದು ಭಿನ್ನಮತ ಬರೆದರು. ಐಮಾರಾ ಜನ ಈ ಕಟ್ಟಳೆಯಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಕಂಪನಿಗಳನ್ನು ಕಟ್ಟಿಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕಾಗಿ ವಿಶ್ವಸಂಸ್ಥೆಯಲ್ಲಿ 2014ರಿಂದ ಮಾತುಕತೆ ನಡೆಯುತ್ತಲೇ ಇದೆ. ಕಂಪನಿಗಳ ಹೂಡಿಕೆಗೆ ರಕ್ಷಣೆ ಕೊಡುವ ಒಪ್ಪಂದಗಳು ಆಗಲೇ ಸಾವಿರಗಟ್ಟಲೆ ಇವೆ.

ಹಾಗಾದರೆ ಎಲ್ಲಿಯೂ ಜನ ಬಯಸಿದ್ದು ಸಿಗಲಿಲ್ಲವೇ? ಸಿಕ್ಕಿದ್ದುಂಟು, ವೇದಾಂತ ಬಾಕ್ಸೈಟ್ ತೆಗೆಯಲು ಹೊರಟಿದ್ದ ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ. ಅಲ್ಲಿಯೂ ಹೊರಗಿನ ಒತ್ತಡ ಇತ್ತು: ನಾರ್ವೆಯ ಸರ್ಕಾರಿ ನಿಧಿ ಮತ್ತು 2010ರಲ್ಲಿ ಇಂಗ್ಲೆಂಡಿನ ಚರ್ಚ್ ವೇದಾಂತದ ಷೇರು ಮಾರಿದವು, ಬ್ರಿಟಿಷ್ ಸರ್ಕಾರದ ದೂರು ವಿಭಾಗ 2009ರಲ್ಲಿ ಕಂಪನಿಯನ್ನು ಟೀಕಿಸಿತು. ಆದರೆ ವಿಷಯ ತೀರ್ಮಾನವಾದದ್ದು ಬೆಟ್ಟದ ಮೇಲೆಯೇ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಹಿಡಿದು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು, ಆ ಬೆಟ್ಟದ ಡೋಂಗ್ರಿಯಾ ಕೊಂದರ ದೇವರಾದ ನಿಯಮರಾಜನ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳೇ ನಿರ್ಧರಿಸಲಿ ಎಂದಿತು. ರಾಜ್ಯ ಸರ್ಕಾರ ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹನ್ನೆರಡನ್ನು ಮಾತ್ರ ಆರಿಸಿತು. ಆರಿಸಿದ ಹನ್ನೆರಡೂ ಬೇಡವೆಂದವು. ನಿಯಮರಾಜನ ಬೆಟ್ಟದಿಂದ ಬಾಕ್ಸೈಟ್ ತೆಗೆಯಲಿಲ್ಲ. ಗುಡ್ಡದ ಬುಡದ ಲಾಂಜಿಗಢದ ಕಾರ್ಖಾನೆ ಮಾತ್ರ ಹೊರಗಿನ ಅದಿರು ತರಿಸಿಕೊಂಡು ನಡೆದಿದೆ, ಈಗ ಕಂಪನಿಯ ಕಣ್ಣು ಸಿಜಿಮಾಲಿ ಬೆಟ್ಟದ ಮೇಲಿದೆ. ಅಲ್ಲಿಯೂ ಕೊಂದರ ಪ್ರತಿಭಟನೆ ನಡೆಯುತ್ತಿದೆ. ನಿಯಮಗಿರಿಯ ಜನರನ್ನು ಗುದ್ದಲಿ ಬೀಳುವ ಮೊದಲು ಕೇಳಲಾಯಿತು, ಬೇರೆಲ್ಲ ಕಡೆ ಆದಮೇಲೆ. ಆದಮೇಲೆ ಕೇಳಿದರೆ ಪ್ರಶ್ನೆ ಎಷ್ಟು ಕೊಡೋಣ ಎಂಬುದೊಂದೇ ಆಗುತ್ತದೆ. ಮೊದಲೇ ಒಪ್ಪಿಗೆ ಕೇಳಬೇಕೆನ್ನುವ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಯನ್ನು 2007ರಲ್ಲಿ 144 ದೇಶಗಳು ಒಪ್ಪಿದಾಗ ವಿರುದ್ಧ ಮತ ಹಾಕಿದ್ದು ನಾಲ್ಕೇ: ಕೆನಡಾ, ಆಸ್ಟ್ರೇಲಿಯಾ, ಅಮೆರಿಕ, ನ್ಯೂಜಿಲೆಂಡ್. ಮೊದಲ ಎರಡು ದೊಡ್ಡ ಗಣಿ ಕಂಪನಿಗಳ ತವರು. ಆಮೇಲೆ ನಾಲ್ಕೂ ನಿಲುವು ಬದಲಿಸಿದವೆನ್ನಿ.

ಮೊದಲೇ ಕೇಳದೆ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಪಪುವಾ ನ್ಯೂಗಿನಿಯ ಬೋಗನ್‌ವಿಲ್ ದ್ವೀಪದಷ್ಟು ಭೀಕರ ನಿದರ್ಶನ ಇನ್ನೊಂದಿಲ್ಲ. ಅಲ್ಲಿ ನೆಲ ಬರುವುದು ತಾಯಿಯ ಕಡೆಯಿಂದ. 1969ರಲ್ಲಿ ರೊರೊವಾನಾದ ಹೆಂಗಸರು ತಮ್ಮ ನೆಲಕ್ಕೆ ಬಂದ ಸರ್ವೆಯವರನ್ನು ತಡೆದಾಗ ಅಂದು ಅಲ್ಲಿ ಆಳುತ್ತಿದ್ದ ಆಸ್ಟ್ರೇಲಿಯಾದ ಆಡಳಿತ ಲಾಠಿ, ಅಶ್ರುವಾಯು ಬಳಸಿತು. ರಿಯೊ ಟಿಂಟೊ ಎಂಬ ಗಣಿ ಕಂಪನಿಯ ಆಸ್ಟ್ರೇಲಿಯನ್ ಶಾಖೆ ತೆರೆದ ಪಂಗುನಾ ತಾಮ್ರದ ಗಣಿ 1972ರಿಂದ 1989ರವರೆಗೆ ನಡೆದು, ನೂರು ಕೋಟಿ ಟನ್‌ಗೂ ಹೆಚ್ಚು ತ್ಯಾಜ್ಯವನ್ನು ಕವೆರೊಂಗ್–ಜಾಬಾ ಹೊಳೆಗಳಿಗೆ ಸುರಿಯಿತು. ಅದೇ ಗಣಿಯಲ್ಲಿ ಸರ್ವೆ ಕೆಲಸ ಮಾಡಿದ್ದ ಫ್ರಾನ್ಸಿಸ್ ಓನಾ 1988ರಲ್ಲಿ ಸಾವಿರ ಕೋಟಿ ಕಿನಾ (ಅಲ್ಲಿಯ ನಾಣ್ಯ) ಪರಿಹಾರ ಕೇಳಿದ. ನಗೆಗೀಡಾದಮೇಲೆ ವಿದ್ಯುತ್ ಕಂಬಗಳನ್ನು ಸ್ಫೋಟಿಸಿದ. ಹತ್ತು ವರ್ಷದ ಯುದ್ಧ, ದ್ವೀಪಕ್ಕೆ ದಿಗ್ಬಂಧನ, ಹತ್ತರಿಂದ ಇಪ್ಪತ್ತು ಸಾವಿರ ಜನ ಸತ್ತಿರಬಹುದೆಂದು ಅಂದಾಜು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೂಡಿದ ದಾವೆ, ಹೇಳಿದೆನಲ್ಲ, ಅಮೆರಿಕದ ಸುಪ್ರೀಂ ಕೋರ್ಟಿನ ಆ 2013ರ ತೀರ್ಪಿನ ಬೆನ್ನಿಗೇ ಬಿತ್ತು. 2016ರಲ್ಲಿ ರಿಯೊ ಟಿಂಟೊ, ಅಂದಿನ ಕಾನೂನನ್ನು ನಾವು ಪಾಲಿಸಿದ್ದೆವು ಎಂದು ಹೇಳಿ, ತನ್ನ ಪಾಲನ್ನು ಪುಕ್ಕಟೆ ಕೊಟ್ಟು ಹೊರಬಿತ್ತು.

2020ರಲ್ಲಿ 156 ನಿವಾಸಿಗಳು ಆಸ್ಟ್ರೇಲಿಯಾ ಸರ್ಕಾರದ ದೂರು ವಿಭಾಗಕ್ಕೆ ಹೋದಮೇಲೆ ಕಂಪನಿ ಹಾನಿಯ ಅಧ್ಯಯನಕ್ಕೆ ಹಣ ಕೊಡಲು ಒಪ್ಪಿತು. ಗಣಿ ಮುಚ್ಚಿ ಮೂವತ್ತೈದು ವರ್ಷದ ಮೇಲೆ, 2024ರ ಡಿಸೆಂಬರ್‌ನಲ್ಲಿ, ವರದಿ ಬಂತು: ಕುಸಿಯುವ ದಂಡೆಗಳು, ನೆರೆ, ಶಿಥಿಲ ಕಟ್ಟಡಗಳು, ಕಲುಷಿತ ನೀರು. ಸರಿಪಡಿಸುವ ವೆಚ್ಚ ಯಾರದು ಎಂಬ ಮಾತುಕತೆಗೆ ಈಗ ಮೇಜು ಹಾಕಲಾಗಿದೆ. 2019ರ ಜನಮತದಲ್ಲಿ ಶೇಕಡಾ 97ಕ್ಕೂ ಹೆಚ್ಚು ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದ್ದಾರೆ. 2027ರ ಸೆಪ್ಟೆಂಬರ್ 1ಕ್ಕೆ ಸ್ವತಂತ್ರರಾಗಬೇಕೆಂದು ಅಲ್ಲಿಯ ನಾಯಕರು ಹೇಳಿದ್ದಾರೆ. ಹೊಸ ದೇಶಕ್ಕೆ ಹಣ ಬೇಕು. ಹಣ ಇರುವುದು ಪಂಗುನಾದ ತಾಮ್ರದಲ್ಲಿ. ಅಧ್ಯಕ್ಷ ಇಶ್ಮಾಯೆಲ್ ತೊರೊಯಾಮಾ ಹಿಂದೆ ಗಣಿ ಮುಚ್ಚಿಸಿದ ಹೋರಾಟದ ಕಮಾಂಡರ್. ಅವರ ಸರ್ಕಾರವೇ 2024ರಲ್ಲಿ ಹಳೆಯ ಗಣಿ ಕಂಪನಿಯ ಪರಿಶೋಧನಾ ಪರವಾನಗಿಯನ್ನು ಐದು ವರ್ಷಕ್ಕೆ ನವೀಕರಿಸಿತು. ಆ ಕಂಪನಿಯಲ್ಲಿ ಈಗ ಮುಕ್ಕಾಲು ಭಾಗದ ಹತ್ತಿರ ಪಾಲು ಬೋಗನ್‌ವಿಲ್ ಸರ್ಕಾರದ್ದೇ. ಅದೇ ವರ್ಷ ಸಾವಿರಾರು ದ್ವೀಪವಾಸಿಗಳು ರಿಯೊ ಟಿಂಟೊ ಮತ್ತು ಆ ಕಂಪನಿ ಎರಡರ ಮೇಲೂ ಪರಿಹಾರದ ದಾವೆ ಹೂಡಿದರು, ಈ ಸಲ ಪೋರ್ಟ್ ಮೋರ್ಸ್‌ಬಿಯಲ್ಲೇ. ತೊರೊಯಾಮಾ ಅದನ್ನು ವಿರೋಧಿಸಿದ್ದಾರೆ.